ಐದು ರೂಪಾಯಿ ಸ್ಟ್ಯಾಂಪು ಸಾಕೇ? ಅಂಚೆ ದರದ ಬಗ್ಗೆ ಓದುಗರ ಪ್ರಶ್ನೆಗಳು

ಸ್ಪೀಡ್ ಪೋಸ್ಟ್ ದರ ಬದಲಾದ ಮೇಲೆ ಬೆಂಗಳೂರಿನ ನಾನಾ ಬಡಾವಣೆಗಳ ಓದುಗರು ಅಂಚೆ ದರದ ಬಗ್ಗೆ ಕೇಳುತ್ತಲೇ ಇದ್ದಾರೆ. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿ ಉತ್ತರಿಸಿದ್ದೇವೆ.

ಅಂಚೆ ದರ ಏರಿದೆ ಎಂದು ಎಲ್ಲರೂ ಹೇಳುತ್ತಿದ್ದಾರೆ. ನಮ್ಮ ಮನೆಯಲ್ಲಿ ಐದು ರೂಪಾಯಿ ಸ್ಟ್ಯಾಂಪಿನ ಎರಡು ಹಾಳೆ ಉಳಿದಿವೆ. ಒಂದು ಕಾಗದಕ್ಕೆ ಈಗ ಎಷ್ಟು ಹಚ್ಚಬೇಕು?
– ಓದುಗರು, ಬಸವನಗುಡಿ

ಏರಿರುವುದು ಸ್ಪೀಡ್ ಪೋಸ್ಟ್ ದರ, ಮಾಮೂಲಿ ಕಾಗದದ ದರವಲ್ಲ. ಇವೆರಡೂ ಬೆರೆತು ಹೋಗಿರುವುದರಿಂದಲೇ ಇಷ್ಟೊಂದು ಗೊಂದಲ. ಡಬ್ಬಿಗೆ ಹಾಕುವ ಸಾದಾ ಲಕೋಟೆಗೆ ಮೊದಲ 20 ಗ್ರಾಂಗೆ 5 ರೂಪಾಯಿ, ಆಮೇಲೆ ಪ್ರತಿ 20 ಗ್ರಾಂಗೆ ಅಥವಾ ಅದರ ಭಾಗಕ್ಕೆ ಮತ್ತೆ 5 ರೂಪಾಯಿ. ಈ ಲೆಕ್ಕ 2001ರಿಂದ ಹೀಗೇ ಇದೆ. ಇನ್‌ಲ್ಯಾಂಡ್ ಲೆಟರ್ 2 ರೂಪಾಯಿ 50 ಪೈಸೆ, ಸಾದಾ ಕಾರ್ಡು 50 ಪೈಸೆ. ನಿಮ್ಮ ಹಾಳೆಗಳನ್ನು ಧೈರ್ಯವಾಗಿ ಬಳಸಿ. ಪತ್ರ ಮಲ್ಲೇಶ್ವರಕ್ಕೆ ಹೋದರೂ ಗುವಾಹಟಿಗೆ ಹೋದರೂ ಬೆಲೆ ಒಂದೇ. ದೂರ ನೋಡದೆ ತೂಕ ನೋಡಿ ದರ ಹಾಕುವ ಈ ಪದ್ಧತಿ ಬಂದದ್ದು 1854ರಲ್ಲಿ, ಇಡೀ ದೇಶಕ್ಕೆ ಒಂದೇ ಅಂಚೆಚೀಟಿ ಬಂದಾಗ.

ತಪ್ಪುವುದು ಆ ‘ಭಾಗಕ್ಕೆ’ ಎಂಬ ಮಾತಿನಲ್ಲಿ. 20 ಗ್ರಾಂ ಇದ್ದರೆ 5 ರೂಪಾಯಿ, 21 ಗ್ರಾಂ ಆಯಿತೆಂದರೆ 10 ರೂಪಾಯಿ. ಇದಕ್ಕೊಂದು ಸುಲಭದ ಅಂದಾಜಿದೆ. ಜೆರಾಕ್ಸ್ ಅಂಗಡಿಯಲ್ಲಿ ಸಿಗುವ 80 ಜಿಎಸ್‌ಎಂನ (ಅಂದರೆ ಚದರ ಮೀಟರಿಗೆ 80 ಗ್ರಾಂ ತೂಗುವ ಕಾಗದದ) ಒಂದು ಎ4 ಹಾಳೆ ಸರಿಯಾಗಿ 5 ಗ್ರಾಂ ತೂಗುತ್ತದೆ. ಹದಿನಾರು ಎ4 ಹಾಳೆ ಸೇರಿದರೆ ಒಂದು ಚದರ ಮೀಟರ್ ಆಗುವುದರಿಂದ 80ನ್ನು 16ರಿಂದ ಭಾಗಿಸಿದರೆ ಬರುವುದು 5. ಉದ್ದನೆಯ ಸಾದಾ ಕವರ್ ಒಂದು 4–5 ಗ್ರಾಂ. ಅಂದರೆ ಕವರಿನೊಳಗೆ ಮೂರು ಹಾಳೆ ಇಟ್ಟರೆ ಗಡಿಯ ಮೇಲೆ ನಿಂತಿರುತ್ತೀರಿ, ನಾಲ್ಕನೆಯದು ಇಟ್ಟರೆ ಎರಡನೇ ಸ್ಟ್ಯಾಂಪು ಬೇಕೇ ಬೇಕು. ಮಳೆಗಾಲದಲ್ಲಿ ಕಾಗದ ತೇವ ಹೀರಿ ಸ್ವಲ್ಪ ಭಾರವಾಗುತ್ತದೆ. ಗಡಿಯಲ್ಲಿರುವ ಕವರಿಗೆ ಜುಲೈ ತಿಂಗಳಲ್ಲಿ ಜಿಪುಣತನ ಮಾಡಬೇಡಿ.

ಮಗಳ ಮದುವೆಗೆ 250 ಲಗ್ನಪತ್ರಿಕೆ ಅಂಚೆಯಲ್ಲಿ ಕಳಿಸಬೇಕು. ಮುದ್ರಿಸುವವರು “ಐದು ರೂಪಾಯಿ ಹಚ್ಚಿದರೆ ಆಯಿತು” ಎನ್ನುತ್ತಾರೆ. ನಂಬಬಹುದೇ?
– ಓದುಗರು, ರಾಜಾಜಿನಗರ

ನಂಬಬೇಡಿ. ಕಾರ್ಡು ಆಯ್ಕೆ ಮಾಡುವಾಗಲೇ ತೂಕ ಕೇಳಿ. ಮುದ್ರಣಕ್ಕೆ ಕೊಟ್ಟ ಮೇಲೆ ಮಾಡಲು ಏನೂ ಉಳಿದಿರುವುದಿಲ್ಲ.

ಬಿಡಿಸಿದಾಗ ಎ4 ಅಳತೆ ಬರುವ, ನಡುವೆ ಮಡಿಸುವ 300 ಜಿಎಸ್‌ಎಂ ಕಾರ್ಡನ್ನು ತೆಗೆದುಕೊಳ್ಳೋಣ. ಕಾರ್ಡು ಒಂದೇ ಸುಮಾರು 19 ಗ್ರಾಂ. ಅದು ಹಿಡಿಯುವ ದಪ್ಪ ಕವರ್ 10–11 ಗ್ರಾಂ. ಅಲ್ಲಿಗೇ 30 ಆಯಿತು. ಆರತಕ್ಷತೆಯ ಬೇರೆ ಹಾಳೆ ಇಟ್ಟರೆ ಇನ್ನು 4 ಗ್ರಾಂ, ಅಕ್ಷತೆ-ಕುಂಕುಮದ ಪುಟ್ಟ ಪೊಟ್ಟಣ ಇಟ್ಟರೆ ಇನ್ನು 4–5 ಗ್ರಾಂ. ಒಟ್ಟು 39ರ ಹತ್ತಿರ, ಅಂದರೆ 10 ರೂಪಾಯಿಯ ಮೆಟ್ಟಿಲಿನ ತುತ್ತತುದಿ. ಅದೇ ಕಾರ್ಡನ್ನು 350 ಜಿಎಸ್‌ಎಂನಲ್ಲಿ ಮಾಡಿಸಿದಿರೋ 40 ದಾಟಿ 15 ರೂಪಾಯಿಗೆ ಹೋಗುತ್ತದೆ. ಕೈಯಲ್ಲಿ ಹಿಡಿದರೆ ಗೊತ್ತೇ ಆಗದ ಆ ದಪ್ಪಕ್ಕೆ 250 ಪತ್ರಿಕೆಗೆ 1,250 ರೂಪಾಯಿ ಹೆಚ್ಚು ತೆರಬೇಕು.

ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ಒಂದೇ ಒಂದು ಪತ್ರಿಕೆ ಇಟ್ಟು ನೋಡಬೇಡಿ. ಅಷ್ಟು ಕಡಿಮೆ ತೂಕಕ್ಕೆ ಅದು ಒಂದೆರಡು ಗ್ರಾಂ ಆಚೀಚೆ ತೋರಿಸುತ್ತದೆ. ಎಲ್ಲ ತುಂಬಿ, ಅಂಟಿಸಿ, ವಿಳಾಸದ ಚೀಟಿಯನ್ನೂ ಹಚ್ಚಿದ ಹತ್ತು ಪತ್ರಿಕೆಗಳನ್ನು ಒಟ್ಟಿಗೆ ಇಟ್ಟು ಹತ್ತರಿಂದ ಭಾಗಿಸಿ. ತಕ್ಕಡಿ ಸರಿಯಿದೆಯೇ ಎಂದು ತಿಳಿಯಲು ಹತ್ತು ರೂಪಾಯಿಯ ನಾಣ್ಯಗಳಿವೆ. ಹಳೆಯದು 7.71 ಗ್ರಾಂ, ಹೊಸದು 7.74 ಗ್ರಾಂ. ಹದಿಮೂರು ನಾಣ್ಯ ಇಟ್ಟರೆ ತಕ್ಕಡಿ 100 ಅಥವಾ 101 ತೋರಿಸಬೇಕು. ಒಂದು, ಎರಡು, ಐದು ರೂಪಾಯಿ ನಾಣ್ಯಗಳ ತೂಕ ಕಾಲಕಾಲಕ್ಕೆ ಬದಲಾಗಿರುವುದರಿಂದ ಅವು ಈ ಕೆಲಸಕ್ಕೆ ಬರುವುದಿಲ್ಲ.

ಅಕ್ಷತೆಯ ಪೊಟ್ಟಣವನ್ನು ಕವರಿನ ಎಡ ಕೆಳಮೂಲೆಗೆ ಸರಿಸಿ ಒಂದು ಚುಕ್ಕೆ ಅಂಟು ಹಾಕಿ. ಅದು ಬಲ ಮೇಲ್ಮೂಲೆಗೆ ಉರುಳಿ ಬಂದರೆ ಮುದ್ರೆ ಒತ್ತುವಾಗ ಕವರ್ ಹರಿಯುತ್ತದೆ, ಕುಂಕುಮ ಚೆಲ್ಲಿ ವಿಳಾಸವೇ ಅಳಿಸುತ್ತದೆ. ಗಣಪತಿಯ ಚಿತ್ರವನ್ನೂ ಆ ಮೂಲೆಯಲ್ಲಿ ಮುದ್ರಿಸಬೇಡಿ ಎಂದು ಮುದ್ರಿಸುವವರಿಗೆ ಹೇಳಿ, ಅದು ಸ್ಟ್ಯಾಂಪಿನ ಜಾಗ. ಚಿನ್ನದ ಬಣ್ಣದ ನುಣುಪು ಕವರಿಗೆ ಸ್ಟ್ಯಾಂಪಿನ ಗೋಂದು ಹಿಡಿಯುವುದಿಲ್ಲ, ಒಣಗಿದ ಮೇಲೆ ಉದುರಿಬಿಡುತ್ತದೆ. ಅಂಥದ್ದಕ್ಕೆ ಫೆವಿಕಾಲ್ ತೆಳುವಾಗಿ ಸವರಿ ಹಚ್ಚಿ. ಸ್ಟ್ಯಾಂಪಿನ ಮೇಲೆ ಸೆಲ್ಲೋಟೇಪ್ ಮಾತ್ರ ಎಳೆಯಲೇಬಾರದು: ಟೇಪಿನ ಮೇಲೆ ಮುದ್ರೆಯ ಶಾಯಿ ನಿಲ್ಲದು, ಹಾಗೆ ಹಚ್ಚಿದ ಚೀಟಿಯನ್ನು ಅಂಚೆ ಕಚೇರಿ ಒಪ್ಪುವುದಿಲ್ಲ. ಎರಡು ಚೀಟಿ ಬೇಕಾದರೆ ಪಕ್ಕಪಕ್ಕ ಹಚ್ಚಿ, ಒಂದರ ಮೇಲೊಂದು ಬೇಡ. 250 ಪತ್ರಿಕೆಗೆ ಐದರ 500 ಚೀಟಿ ಹಚ್ಚುವ ಬದಲು ಹತ್ತು ರೂಪಾಯಿಯ ಚೀಟಿಯನ್ನೇ ಕೇಳಿ. ನಿಮ್ಮ ಬಡಾವಣೆಯ ಕಚೇರಿಯಲ್ಲಿ ಇಲ್ಲದಿದ್ದರೆ ರಾಜಭವನ ರಸ್ತೆಯ ಪ್ರಧಾನ ಅಂಚೆ ಕಚೇರಿಯಲ್ಲಿ (ಜಿಪಿಒ) ವಿಚಾರಿಸಿ.

ಸತ್ಯನಾರಾಯಣ ಪೂಜೆಯ ಆಹ್ವಾನವನ್ನು 50 ಪೈಸೆ ಕಾರ್ಡಿನ ಮೇಲೆ ಅಚ್ಚು ಹಾಕಿಸಿ ಕಳಿಸಬಹುದೇ?
– ಓದುಗರು, ಶ್ರೀರಾಮಪುರ

50 ಪೈಸೆಯ ದರ ಕೈಬರಹದ ಕಾರ್ಡಿಗೆ. ಒಕ್ಕಣೆ ಅಚ್ಚಾದರೆ ಅದು ‘ಪ್ರಿಂಟೆಡ್ ಪೋಸ್ಟ್ ಕಾರ್ಡ್’, ಅದಕ್ಕೆ 6 ರೂಪಾಯಿ. ಸ್ಪರ್ಧೆಗಳಿಗೆ ಉತ್ತರ ಕಳಿಸುವ ಕಾರ್ಡಿಗೆ 10 ರೂಪಾಯಿ. ಇಪ್ಪತ್ತು-ಮೂವತ್ತು ಜನರಿಗಾದರೆ ಮನೆಮಂದಿ ಕೂತು ಕೈಯಲ್ಲೇ ಬರೆಯಿರಿ. ಹೆಚ್ಚು ಜನರಿಗಾದರೆ ತೆಳು ಹಾಳೆಯಲ್ಲಿ ಅಚ್ಚು ಹಾಕಿಸಿ 5 ರೂಪಾಯಿಯ ಲಕೋಟೆಯಲ್ಲಿ ಕಳಿಸುವುದು ಅಚ್ಚಿನ ಕಾರ್ಡಿಗಿಂತ ಅಗ್ಗ.

ಬಾಡಿಗೆದಾರರಿಗೆ ನೋಟಿಸ್ ಕಳಿಸಬೇಕು. ರಿಜಿಸ್ಟರ್ಡ್ ಪೋಸ್ಟ್ ನಿಂತುಹೋಯಿತು ಎಂದು ಕೌಂಟರಿನಲ್ಲಿ ಹೇಳಿದರು. ಹಾಗಾದರೆ ದಾಖಲೆ ಉಳಿಯುವುದು ಹೇಗೆ? ಖರ್ಚೆಷ್ಟು?
– ಓದುಗರು, ಜಯನಗರ

ದೇಶದೊಳಗಿನ ರಿಜಿಸ್ಟರ್ಡ್ ಪೋಸ್ಟನ್ನು 2025ರಲ್ಲಿ ಸ್ಪೀಡ್ ಪೋಸ್ಟಿನ ಜತೆ ಸೇರಿಸಿದ್ದಾರೆ. ಸೌಲಭ್ಯ ಹೋಗಿಲ್ಲ, ಕೇಳುವ ರೀತಿ ಬದಲಾಗಿದೆ. ಸ್ಪೀಡ್ ಪೋಸ್ಟ್ ಮಾಡಿಸಿ “ರಿಜಿಸ್ಟ್ರೇಷನ್ ಸೇರಿಸಿ” ಎಂದು ಬಾಯಿಬಿಟ್ಟು ಹೇಳಬೇಕು. ಆಗ ಪತ್ರ ವಿಳಾಸದಾರರಿಗೆ ಅಥವಾ ಅವರು ಅಧಿಕಾರ ಕೊಟ್ಟವರಿಗೆ ಮಾತ್ರ ಕೈಸೇರುತ್ತದೆ. ಹೇಳದಿದ್ದರೆ ಸಾದಾ ಸ್ಪೀಡ್ ಪೋಸ್ಟ್ ಆಗಿ ಹೋಗುತ್ತದೆ, ಆ ವಿಳಾಸದಲ್ಲಿ ಮನೆಯವರು ಯಾರಾದರೂ ಸಹಿ ಹಾಕಿ ತೆಗೆದುಕೊಳ್ಳಬಹುದು. ನೋಟಿಸಿನ ವಿಷಯದಲ್ಲಿ ಈ ವ್ಯತ್ಯಾಸ ದೊಡ್ಡದು.

1 ಅಕ್ಟೋಬರ್ 2025ರಿಂದ ಜಾರಿಗೆ ಬಂದ ದರದಲ್ಲಿ 50 ಗ್ರಾಂವರೆಗಿನ ಪತ್ರಕ್ಕೆ ಊರೊಳಗೆ 19 ರೂಪಾಯಿ, ಹೊರಗೆ ದೇಶದ ಎಲ್ಲಿಗಾದರೂ 47 ರೂಪಾಯಿ. ರಿಜಿಸ್ಟ್ರೇಷನ್‌ಗೆ 5 ರೂಪಾಯಿ, ಒಟ್ಟು ಮೊತ್ತಕ್ಕೆ ಶೇ 18 ಜಿಎಸ್‌ಟಿ. ಬಾಡಿಗೆದಾರರು ಬೆಂಗಳೂರಿನಲ್ಲೇ ಇದ್ದರೆ 19ಕ್ಕೆ 5 ಸೇರಿ 24, ತೆರಿಗೆ ಸೇರಿ ಲೆಕ್ಕಕ್ಕೆ 28 ರೂಪಾಯಿ 32 ಪೈಸೆ. ಮೈಸೂರಿನಲ್ಲಿದ್ದರೆ 47ಕ್ಕೆ 5 ಸೇರಿ 52, ತೆರಿಗೆ ಸೇರಿ 61 ರೂಪಾಯಿ 36 ಪೈಸೆ. ಹಿಂದೆ 20 ಗ್ರಾಂನ ರಿಜಿಸ್ಟರ್ಡ್ ಕಾಗದಕ್ಕೆ 5 ಮತ್ತು 17, ತೆರಿಗೆ ಸೇರಿ 25 ರೂಪಾಯಿ 96 ಪೈಸೆ ಆಗುತ್ತಿತ್ತು. ಊರೊಳಗಿನವರಿಗೆ ಹೊರೆ ಬಿದ್ದಿರುವುದು ಎರಡು ಮೂರು ರೂಪಾಯಿ ಅಷ್ಟೆ, ಪರಊರಿಗೆ ಕಳಿಸುವವರಿಗೆ ದುಪ್ಪಟ್ಟಿಗೂ ಹೆಚ್ಚು. ಸಣ್ಣಪುಟ್ಟ ವ್ಯಾಜ್ಯಕ್ಕೆ ಹಳ್ಳಿಯಿಂದ ನಗರಕ್ಕೆ ನೋಟಿಸ್ ಕಳಿಸುವ ಬಡವರಿಗೆ ಇದು ನಿಜಕ್ಕೂ ಭಾರ. ಆ ವರ್ಗಕ್ಕೆ ಬೇರೆ ದರ ಇಡಬೇಕಿತ್ತು ಎನ್ನುವುದು ನಮ್ಮ ಅಭಿಪ್ರಾಯ.

ಎರಡು ಎಚ್ಚರಿಕೆ. ರಸೀದಿಯಲ್ಲಿ ರಿಜಿಸ್ಟ್ರೇಷನ್ ಶುಲ್ಕ ಬೇರೆ ಸಾಲಿನಲ್ಲಿ ಬಂದಿದೆಯೇ ಎಂದು ಕೌಂಟರ್ ಬಿಡುವ ಮುಂಚೆಯೇ ನೋಡಿಕೊಳ್ಳಿ. ರಸೀದಿಯ ಶಾಯಿ ಬಿಸಿಲಿಗೆ, ಪ್ಲಾಸ್ಟಿಕ್ ಚೀಲದ ಶಾಖಕ್ಕೆ ಮಾಸುತ್ತದೆ. ಆದ್ದರಿಂದ ಅದೇ ದಿನ ಜೆರಾಕ್ಸ್ ಮಾಡಿಸಿ, 13 ಅಕ್ಷರ-ಅಂಕಿಗಳ ಟ್ರ್ಯಾಕಿಂಗ್ ಸಂಖ್ಯೆಯನ್ನು ನೋಟಿಸಿನ ನಕಲಿನ ಮೇಲೆ ಬರೆದಿಡಿ.

ಮುಂಬಯಿಯ ಕಾಲೇಜಿಗೆ ಅರ್ಜಿ, ಅಂಕಪಟ್ಟಿಗಳ ನಕಲು ಕಳಿಸಬೇಕು. ವಿದ್ಯಾರ್ಥಿಗಳಿಗೆ ರಿಯಾಯಿತಿ ಇದೆಯೇ?
– ಓದುಗರು, ವಿಜಯನಗರ

ಇದೆ, ಸ್ಪೀಡ್ ಪೋಸ್ಟ್ ದರದಲ್ಲಿ ಶೇ 10. ಕಾಲೇಜಿನ ಗುರುತಿನ ಚೀಟಿ ಕೈಯಲ್ಲಿರಲಿ, ಬಿಲ್ ಮಾಡುವ ಮುಂಚೆಯೇ ಹೇಳಿ. ಬುಕಿಂಗ್ ಮುಗಿದ ಮೇಲೆ ಕೇಳಿದರೆ ತಡವಾಗುತ್ತದೆ. ನಿಮ್ಮ ಕವರ್ 50 ಗ್ರಾಂ ದಾಟುತ್ತದೆ ಎಂದುಕೊಳ್ಳೋಣ (ಹತ್ತು ಹಾಳೆ ಸೇರಿದರೆ ದಾಟಿಬಿಡುತ್ತದೆ). 51ರಿಂದ 250 ಗ್ರಾಂವರೆಗೆ ದೂರವೂ ಲೆಕ್ಕಕ್ಕೆ ಬರುತ್ತದೆ: ಊರೊಳಗೆ 24 ರೂಪಾಯಿ, 200 ಕಿ.ಮೀ.ವರೆಗೆ 59, 500 ಕಿ.ಮೀ.ವರೆಗೆ 63, 1,000 ಕಿ.ಮೀ.ವರೆಗೆ 68, 2,000 ಕಿ.ಮೀ.ವರೆಗೆ 72, ಅದಕ್ಕೂ ಆಚೆ 77. ಮುಂಬಯಿಗೆ 68ರಲ್ಲಿ 6 ರೂಪಾಯಿ 80 ಪೈಸೆ ಕಳೆದು 61 ರೂಪಾಯಿ 20 ಪೈಸೆ, ಅದರ ಮೇಲೆ ಜಿಎಸ್‌ಟಿ. ಹಾಳೆಗಳ ಎರಡೂ ಬದಿಗೆ ನಕಲು ತೆಗೆಸಿ 50 ಗ್ರಾಂ ಒಳಗೆ ತಂದರೆ 47 ರೂಪಾಯಿಯ ಮೆಟ್ಟಿಲಿಗೇ ಇಳಿಯುತ್ತೀರಿ. ಬಿಲ್ ಕಂಪ್ಯೂಟರಿನಲ್ಲಿ ಪಿನ್ ಕೋಡ್ ಹಿಡಿದು ಆಗುವುದರಿಂದ ಒಂದು ಅಂಕಿ ತಪ್ಪಿದರೂ ದರವೂ ತಪ್ಪುತ್ತದೆ, ಪತ್ರವೂ ದಾರಿ ತಪ್ಪುತ್ತದೆ.

ಪುಸ್ತಕ ಕಳಿಸುವುದಿದ್ದರೆ ಸ್ಪೀಡ್ ಪೋಸ್ಟ್ ಬೇಡ. ಮೇ 2025ರಲ್ಲಿ ಶುರುವಾದ ‘ಜ್ಞಾನ ಪೋಸ್ಟ್’ ಕೇಳಿ. 300 ಗ್ರಾಂವರೆಗೆ 20 ರೂಪಾಯಿ, 5 ಕಿಲೋಗೆ 100 ರೂಪಾಯಿ, ತೆರಿಗೆ ಬೇರೆ. ತಡವಾಗಿ ತಲುಪುತ್ತದೆ, ಆದರೆ ಟ್ರ್ಯಾಕಿಂಗ್ ಇದೆ. ಒಳಗೆ ಖಾಸಗಿ ಕಾಗದ ಇಡಬಾರದು.

ಪತ್ರಿಕೆಗಳಿಗೆ ಕತೆ ಕಳಿಸುವಾಗ ವಾಪಸಾತಿಗೆ ಸ್ವವಿಳಾಸದ ಲಕೋಟೆ ಇಡುತ್ತೇನೆ. ಈಚೆಗೆ ಒಂದು ‘ಬೇರಿಂಗ್’ ಆಗಿ ಬಂತು, ಅಂಚೆಯಣ್ಣ ದುಡ್ಡು ಕೇಳಿದರು. ಸ್ಟ್ಯಾಂಪು ಹಚ್ಚಿದ್ದೆನಲ್ಲ?
– ಓದುಗರು, ಹನುಮಂತನಗರ

ಖಾಲಿ ಲಕೋಟೆಯ ತೂಕಕ್ಕೆ ಹಚ್ಚಿದ್ದೀರಿ, ಅದು ಹಸ್ತಪ್ರತಿ ತುಂಬಿಕೊಂಡು ಬಂದಿದೆ. ಎಂಟು ಹಾಳೆಯ ಕತೆ 40 ಗ್ರಾಂ, ಕವರ್ ಸೇರಿ 45ರ ಮೇಲೆ. ಅದಕ್ಕೆ 15 ರೂಪಾಯಿ ಬೇಕಿತ್ತು, ಇದ್ದದ್ದು 5. ಕೊರತೆ 10 ರೂಪಾಯಿ. ಕೊರತೆಯ ಎರಡರಷ್ಟು ವಸೂಲಿ ಮಾಡುವುದು ನಿಯಮ, ಆದ್ದರಿಂದ 20 ರೂಪಾಯಿ. ಅಂಚೆಯಣ್ಣನದೇನೂ ತಪ್ಪಿಲ್ಲ. ಸ್ಟ್ಯಾಂಪೇ ಇಲ್ಲದ ಪತ್ರಕ್ಕೂ ಪೂರ್ತಿ ದರದ ಎರಡರಷ್ಟು ಬೀಳುತ್ತದೆ. ವಿಳಾಸದಾರರು ಬೇಡವೆಂದರೆ ಪತ್ರ ಕಳಿಸಿದವರಿಗೇ ಮರಳುತ್ತದೆ.

ಕತೆ ಹೋಗುವ ಕವರಿಗೆ ಎಷ್ಟು ಹಚ್ಚುತ್ತೀರೋ ವಾಪಸಾತಿ ಕವರಿಗೂ ಅಷ್ಟೇ ಹಚ್ಚಿ. ಹೋಗುವ ಕವರಿನೊಳಗೆ ಈ ಕವರಿನ ತೂಕವೂ ಸೇರುತ್ತದೆ ಎಂಬುದು ನೆನಪಿರಲಿ. ಸ್ವೀಕೃತಿಯ ಒಂದು ಸಾಲು ಸಾಕೆಂದಾದರೆ ಲಕೋಟೆಯ ಬದಲು ವಿಳಾಸ ಬರೆದ 50 ಪೈಸೆಯ ಕಾರ್ಡು ಇಟ್ಟುಬಿಡಿ.

ಅಜ್ಜನ ಟ್ರಂಕಿನಲ್ಲಿ 10, 25, 50 ಪೈಸೆಯ ಬಳಸದ ಸ್ಟ್ಯಾಂಪುಗಳು ಸಿಕ್ಕಿವೆ, ಕೆಲವು ಒಂದಕ್ಕೊಂದು ಅಂಟಿವೆ. ಬಳಸಬಹುದೇ?
– ಓದುಗರು, ಚಾಮರಾಜಪೇಟೆ

ಪೈಸೆ-ರೂಪಾಯಿಯ ಲೆಕ್ಕದ, ಮುದ್ರೆ ಬೀಳದ ಚೀಟಿಗಳ ಮುಖಬೆಲೆ ಕೂಡಿಸಿ ಹಚ್ಚಬಹುದು. ಐವತ್ತರ ಹತ್ತು ಚೀಟಿ 5 ರೂಪಾಯಿಯೇ. ತೊಂದರೆ ಜಾಗದ್ದು: ಇಪ್ಪತ್ತೈದರ ಇಪ್ಪತ್ತು ಚೀಟಿ ಹಚ್ಚಿದರೆ ವಿಳಾಸ ಬರೆಯಲು ಜಾಗ ಉಳಿಯದು. ನಾಲ್ಕು ರೂಪಾಯಿಯ ಒಂದು ಚೀಟಿಗೆ ಇಪ್ಪತ್ತೈದು ಪೈಸೆಯವನ್ನು ನಾಲ್ಕೇ ನಾಲ್ಕು ಸೇರಿಸಿ ಮುಗಿಸಿ, ಮೊದಲ ಸಲ ಕೌಂಟರಿನಲ್ಲಿ ತೋರಿಸಿಯೇ ಹಾಕಿ. ‘ಸರ್ವಿಸ್’ ಎಂದು ಅಚ್ಚಾದವು ಸರ್ಕಾರಿ ಬಳಕೆಯವು. ರೆವಿನ್ಯೂ ಸ್ಟ್ಯಾಂಪು 5,000 ರೂಪಾಯಿ ಮೀರಿದ ರಸೀದಿಗೆ ಹಚ್ಚುವ 1 ರೂಪಾಯಿಯ ಚೀಟಿ. ಇವೆರಡೂ ನಿಮ್ಮ ಕಾಗದಕ್ಕೆ ನಡೆಯುವುದಿಲ್ಲ. ಆಣೆಯ ಲೆಕ್ಕದವು ಸಿಕ್ಕಿದ್ದರೆ ಪತ್ರಕ್ಕೆ ಹಚ್ಚದೆ ಜೋಪಾನವಾಗಿಡಿ.

ಅಂಟಿಕೊಂಡ ಚೀಟಿಗಳನ್ನು ಎಳೆಯಬೇಡಿ, ನೀರಿಗೂ ಹಾಕಬೇಡಿ. ಜಿಪ್ ಇರುವ ಪ್ಲಾಸ್ಟಿಕ್ ಪೊಟ್ಟಣದಲ್ಲಿ ಗಾಳಿ ತೆಗೆದು ಮುಚ್ಚಿ, ಫ್ರಿಜ್ಜಿನ ಫ್ರೀಜರಿನಲ್ಲಿ ಒಂದು ರಾತ್ರಿ ಇಡಿ. ಚಳಿಗೆ ಗೋಂದು ಗಟ್ಟಿಯಾಗಿ ಬಿರಿಯುತ್ತದೆ. ಹೊರತೆಗೆದ ಕೂಡಲೇ ತೆಳು ಪೋಸ್ಟ್ ಕಾರ್ಡಿನ ಅಂಚನ್ನು ಮೂಲೆಯಿಂದ ನಿಧಾನವಾಗಿ ತೂರಿಸಿ ಬಿಡಿಸಿ. ತಡಮಾಡಿದರೆ ಗಾಳಿಯ ತೇವ ಕೂತು ಮತ್ತೆ ಹಿಡಿದುಕೊಳ್ಳುತ್ತದೆ. ಆಗಲೂ ಬಿಡದಿದ್ದರೆ ಇನ್ನೊಂದು ರಾತ್ರಿ ಇಡಿ, ಬಲ ಪ್ರಯೋಗ ಬೇಡ.

ಅಮೆರಿಕದಲ್ಲಿರುವ ಮಗ 2019ರಲ್ಲಿ ಕೊಂಡ ‘ಫಾರೆವರ್’ ಸ್ಟ್ಯಾಂಪು ತಂದುಕೊಟ್ಟಿದ್ದಾನೆ. ಬೆಲೆಯೇ ಅಚ್ಚಾಗಿಲ್ಲ. ಇಲ್ಲಿ ನಡೆಯುತ್ತದೆಯೇ?
– ಓದುಗರು, ಯಲಹಂಕ

ನಡೆಯುವುದಿಲ್ಲ. ಒಂದು ದೇಶದ ಚೀಟಿ ಆ ದೇಶದ ಡಬ್ಬಿಗೆ ಹಾಕುವ ಪತ್ರಕ್ಕೆ ಮಾತ್ರ. ಅಮೆರಿಕದಲ್ಲಿ ಕಾಗದದ ದರ ಪದೇಪದೇ ಏರುವುದರಿಂದ 2007ರಲ್ಲಿ ಈ ಬೆಲೆಯಿಲ್ಲದ ಚೀಟಿ ತಂದರು. ಕೊಂಡಾಗ ಎಷ್ಟೇ ಇರಲಿ, ಹಚ್ಚುವ ದಿನದ ಒಂದು ಔನ್ಸ್ ಕಾಗದದ ದರಕ್ಕೆ ಅದು ಸಮ. 55 ಸೆಂಟಿಗೆ ಕೊಂಡದ್ದು ಜುಲೈ 2025ರಲ್ಲಿ 78 ಸೆಂಟಿನ ಬೆಲೆಗೆ ಬಂತು. ಮಗನಿಗೇ ವಾಪಸು ಕೊಡಿ, ಅಲ್ಲಿ ಒಂದೊಂದೂ ಉಪಯೋಗಕ್ಕೆ ಬರುತ್ತದೆ. ನಮ್ಮ ಚೀಟಿಗಳಲ್ಲಿ ಬೆಲೆ ಅಚ್ಚಾಗಿರುತ್ತದೆ. ದರ ಏರಿದರೆ ಹಳೆಯ ಚೀಟಿ ಬಿಸಾಡಬೇಕಿಲ್ಲ, ವ್ಯತ್ಯಾಸಕ್ಕೆ ಒಂದೆರಡು ರೂಪಾಯಿಯ ಚೀಟಿ ಸೇರಿಸಿದರಾಯಿತು.

ಬಜೆಟ್ ದಿನ ಅಂಚೆ ದರ ತಿಳಿಯುತ್ತಿತ್ತು. ಈಗ ಯಾರೂ ಹೇಳುವುದೇ ಇಲ್ಲ. ಬದಲಾದದ್ದು ಗೊತ್ತಾಗುವುದು ಹೇಗೆ?
– ಓದುಗರು, ಮಲ್ಲೇಶ್ವರ

ನಿಮ್ಮ ನೆನಪು ಸರಿ. 1898ರ ಅಂಚೆ ಕಾಯ್ದೆಯ ಅನುಸೂಚಿಯಲ್ಲೇ ಕಾಗದ, ಕಾರ್ಡುಗಳ ದರ ಬರೆದಿತ್ತು. ಅದನ್ನು ತಿದ್ದಲು ಸಂಸತ್ತಿನಲ್ಲಿ ಹಣಕಾಸು ಮಸೂದೆ ಬೇಕಿತ್ತು, ಹಾಗಾಗಿ ಬಜೆಟ್ ಭಾಷಣದಲ್ಲಿ ಕಾರ್ಡಿನ ಬೆಲೆ ಸುದ್ದಿಯಾಗುತ್ತಿತ್ತು. 2023ರ ಹೊಸ ಅಂಚೆ ಕಾಯ್ದೆ 18 ಜೂನ್ 2024ರಿಂದ ಜಾರಿಯಲ್ಲಿದೆ. ಅದರಡಿ ದರ ನಿಗದಿ ಅಂಚೆ ಸೇವೆಗಳ ಮಹಾನಿರ್ದೇಶಕರಿಗೆ ಬಿಟ್ಟದ್ದು. ಗೆಜೆಟ್ ಪ್ರಕಟಣೆ ಹೊರಟರೆ ಸಾಕು, ವರ್ಷದ ಯಾವ ತಿಂಗಳಲ್ಲಾದರೂ ಬದಲಾಗಬಹುದು. ಸ್ಪೀಡ್ ಪೋಸ್ಟ್ ದರ 2012ರ ಅಕ್ಟೋಬರ್‌ನಿಂದ ಹದಿಮೂರು ವರ್ಷ ಅಲುಗಾಡದೆ ಇದ್ದು ಅಕ್ಟೋಬರಿನಲ್ಲೇ ಬದಲಾಯಿತು, ಫೆಬ್ರುವರಿಯಲ್ಲಲ್ಲ.

ವಾಟ್ಸಾಪಿನಲ್ಲಿ ಓಡಾಡುವ ದರಪಟ್ಟಿಯ ಚಿತ್ರಗಳನ್ನು ನಂಬಬೇಡಿ. ಅವುಗಳಲ್ಲಿ ಜಾರಿಯ ದಿನಾಂಕವೇ ಇರುವುದಿಲ್ಲ, ತೆರಿಗೆ ಸೇರಿದೆಯೋ ಇಲ್ಲವೋ ತಿಳಿಯುವುದಿಲ್ಲ. ಅಂಚೆ ಇಲಾಖೆಯ ಜಾಲತಾಣದಲ್ಲಿ ದರ ಲೆಕ್ಕ ಹಾಕುವ ಪುಟವಿದೆ: ಎರಡೂ ಕಡೆಯ ಪಿನ್ ಕೋಡ್, ತೂಕ ಕೊಟ್ಟರೆ ಆ ದಿನದ ಮೊತ್ತ ತೋರಿಸುತ್ತದೆ. ಫೋನಿನಲ್ಲಿ ಕೇಳುವವರಿಗೆ 1800 266 6868 ಉಚಿತ ಸಂಖ್ಯೆ. ತಿಂಗಳಿಗೆ ಹತ್ತಿಪ್ಪತ್ತು ಕಾಗದ ಹಾಕುವ ಸಂಘ-ಸಂಸ್ಥೆಗಳು ಐದರ ಚೀಟಿಗಳ ಜತೆ ಒಂದು, ಎರಡು ರೂಪಾಯಿಯವನ್ನೂ ಇಪ್ಪತ್ತಿಪ್ಪತ್ತು ಇಟ್ಟುಕೊಂಡಿರಲಿ. ಅಂಚೆಚೀಟಿ ಕೊಳ್ಳುವಾಗ ಜಿಎಸ್‌ಟಿ ಇಲ್ಲ, ಮುಖಬೆಲೆಯಷ್ಟೇ ಕೊಡಿ.

ತಾಯಿಗೆ ಬಂದ 1972ರ ಲಕೋಟೆಗಳಲ್ಲಿ ಮಾಮೂಲಿ ಸ್ಟ್ಯಾಂಪಿನ ಪಕ್ಕ 5 ಪೈಸೆಯ ಇನ್ನೊಂದು ಚೀಟಿ ಇದೆ, ಮೇಲೆ ‘ರೆಫ್ಯೂಜಿ ರಿಲೀಫ್’ ಎಂದಿದೆ. ಆಗ ದರ ಏರಿತ್ತೇ?
– ಓದುಗರು, ಗವಿಪುರ

ಅದು ಅಂಚೆ ದರವಲ್ಲ, ತೆರಿಗೆ. ಬಾಂಗ್ಲಾದಿಂದ ಬಂದ ನಿರಾಶ್ರಿತರ ನೆರವಿಗೆಂದು 15 ನವೆಂಬರ್ 1971ರಿಂದ 1973ರ ಮಾರ್ಚ್ ಕೊನೆಯವರೆಗೆ ಪತ್ರದ ದರದ ಜತೆ ಈ 5 ಪೈಸೆ ಸೇರಿಸಬೇಕಿತ್ತು. ಶುರುವಿನಲ್ಲಿ ಕುಟುಂಬ ಯೋಜನೆಯ 5 ಪೈಸೆ ಚೀಟಿಯ ಮೇಲೆಯೇ ಆ ಪದಗಳನ್ನು ಒತ್ತಿ ಬಳಸಿದರು, ಆಮೇಲೆ ನಿರಾಶ್ರಿತರ ಚಿತ್ರವಿರುವ ಹೊಸ ಚೀಟಿ ಬಂತು. ಹಾಗೆ ಒತ್ತುವ ಕೆಲಸ ಬೆಂಗಳೂರಿನಲ್ಲೂ ಸ್ಥಳೀಯವಾಗಿ ನಡೆದಿತ್ತು, ಆ ಮೇಲ್ಮುದ್ರೆಗಳನ್ನು ಸಂಗ್ರಹಕಾರರು ಬೇರೆಯಾಗಿಯೇ ಗುರುತಿಸುತ್ತಾರೆ. ನಿಮ್ಮಲ್ಲಿರುವುದರ ಅಕ್ಷರಗಳನ್ನು ಭೂತಗನ್ನಡಿಯಲ್ಲಿ ನೋಡಿ. ಶಾಯಿ ಚಿತ್ರದ ಗೆರೆಗಳ ಮೇಲೆ ಕೂತಿದೆಯೇ, ಅಂಚೆ ಮುದ್ರೆ ಅದರ ಮೇಲೆ ಬಿದ್ದಿದೆಯೇ, ದಿನಾಂಕ ಓದಲು ಬರುತ್ತದೆಯೇ ಎಂದು ಪರಿಶೀಲಿಸಿ. ಮೇಲ್ಮುದ್ರೆ ಅಂಚೆ ಮುದ್ರೆಯ ಮೇಲೆ ಬಂದಿದ್ದರೆ ಯಾರೋ ಆಮೇಲೆ ಒತ್ತಿದ್ದು.

ಚೀಟಿಯನ್ನು ಲಕೋಟೆಯಿಂದ ಬಿಡಿಸಬೇಡಿ. ದರ, ತೆರಿಗೆ, ದಿನಾಂಕ, ಊರು ಒಟ್ಟಿಗೆ ಇರುವುದರಿಂದಲೇ ಆ ಲಕೋಟೆಗೆ ಬೆಲೆ. ಲ್ಯಾಮಿನೇಷನ್ ಬೇಡ, ಸ್ಟೇಪ್ಲರ್ ಪಿನ್ನು ಇದ್ದರೆ ಈಗಲೇ ತೆಗೆಯಿರಿ, ಬೆಂಗಳೂರಿನ ಮಳೆಗಾಲಕ್ಕೆ ಅದು ತುಕ್ಕು ಹಿಡಿದು ಕಾಗದ ತಿನ್ನುತ್ತದೆ. ಯಾರು ಯಾರಿಗೆ ಬರೆದದ್ದು ಎಂಬುದನ್ನು ಬೇರೊಂದು ಚೀಟಿಯಲ್ಲಿ ಪೆನ್ಸಿಲಿನಿಂದ ಬರೆದು ಜತೆಗಿಡಿ, ಲಕೋಟೆಯ ಮೇಲೆ ಏನೂ ಬರೆಯಬೇಡಿ.